ಲಿನಕ್ಸ್‌ನಲ್ಲಿ ಆಂಡ್ರಾಯ್ಡ್ ಎಮ್ಯುಲೇಟರ್: ಮೊದಲು ಕೆವಿಎಂ ನೋಡಿ

ನಾನು ಮುಂಬೈ ಬಳಿಯ ಡೊಂಬಿವಲಿಯಲ್ಲಿ ಕೂತು ಬರೆಯುತ್ತಿರುವ ಕನ್ನಡ ಕಲಿಕೆಯ ಆ್ಯಪ್ ಓಡಬೇಕಾದದ್ದು ಉಡುಪಿ ಹೋಟೆಲುಗಳಲ್ಲಿ ದುಡಿಯುವ ಹುಡುಗರ ಹಳೇ ಫೋನುಗಳಲ್ಲಿ. ಅಷ್ಟು ಬಗೆಯ ಫೋನು ಕೊಳ್ಳುವುದು ಯಾರಿಂದ ಸಾಧ್ಯ? ಉಬುಂಟು ಲಿನಕ್ಸಿನ ಲ್ಯಾಪ್‌ಟಾಪ್ ಇದ್ದರೆ ಎಮ್ಯುಲೇಟರ್, ಅಂದರೆ ಕಂಪ್ಯೂಟರಿನೊಳಗೇ ಓಡುವ ನಕಲಿ ಫೋನು, ಸಾಕು.

ಆ್ಯಪ್ ಬರೆಯಲು, ಎಮ್ಯುಲೇಟರ್ ಓಡಿಸಲು ಬೇಕಾದ ಆಂಡ್ರಾಯ್ಡ್ ಸ್ಟುಡಿಯೋ ಹಾಕುವ ಮೊದಲೇ ಕೆವಿಎಂ ವಿಚಾರ ಮುಗಿಸಿಕೊಳ್ಳಿ. 2007ರಿಂದ ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲೇ ಇರುವ, ನಕಲಿ ಯಂತ್ರವನ್ನು ಪ್ರೊಸೆಸರಿನ ನೇರ ನೆರವಿನಿಂದ ವೇಗವಾಗಿ ಓಡಿಸುವ ಸೌಲಭ್ಯ ಇದು. ಇದಿಲ್ಲದೆ ಎಮ್ಯುಲೇಟರ್ ಆಮೆಗತಿ. ಬಯಾಸ್‌ಗೆ (ಲ್ಯಾಪ್‌ಟಾಪ್ ಆನ್ ಆಗುವಾಗ ತೆರೆಯುವ ಸೆಟ್ಟಿಂಗ್ಸ್) ಹೋಗಿ, ಪ್ರೊಸೆಸರ್ ಇಂಟೆಲ್ ಆದರೆ ವಿಟಿ-ಎಕ್ಸ್, ಎಎಂಡಿ ಆದರೆ ಎಸ್‌ವಿಎಂ ಆನ್ ಮಾಡಿ. ಆಮೇಲೂ ಅನುಮತಿ ಇಲ್ಲ ಎಂಬ ಸಂದೇಶ ಬಂದರೆ ನಿಮ್ಮ ಯೂಸರ್ ಹೆಸರನ್ನು ಕೆವಿಎಂ ಗ್ರೂಪಿಗೆ ಸೇರಿಸಿ, ಲಾಗ್ಔಟ್ ಆಗಿ ಮತ್ತೆ ಬನ್ನಿ.

ಆಂಡ್ರಾಯ್ಡ್ ಸ್ಟುಡಿಯೋದ ಡಿವೈಸ್ ಮ್ಯಾನೇಜರ್‌ನಲ್ಲಿ ಹೊಸ ಡಿವೈಸ್ ಮಾಡುವಾಗ ಇಂಟೆಲ್, ಎಎಂಡಿ ಪ್ರೊಸೆಸರಿಗೆ ಹೊಂದುವ ಎಕ್ಸ್86 ಇಮೇಜನ್ನೇ (ಆಂಡ್ರಾಯ್ಡ್‌ನ ಪ್ರತಿ) ಆರಿಸಿ. ಎಂಟು ಜಿಬಿ ರ‍್ಯಾಮಿನ ಲ್ಯಾಪ್‌ಟಾಪ್ ಆದರೆ ಡಿವೈಸ್‌ಗೆ ಎರಡು ಜಿಬಿ ಕೊಡಿ. ಪರದೆ ಕಪ್ಪಾಗಿಯೇ ಉಳಿದರೆ ಕೋಲ್ಡ್ ಬೂಟ್, ಅಂದರೆ ಉಳಿಸಿಟ್ಟ ಸ್ಥಿತಿ ಬಿಟ್ಟು ಮೊದಲಿಂದ ಶುರು ಮಾಡಿ. ಅದಕ್ಕೂ ಬಗ್ಗದಿದ್ದರೆ ಗ್ರಾಫಿಕ್ಸನ್ನು ಸಾಫ್ಟ್‌ವೇರ್‌ಗೆ ಬದಲಿಸಿ.

ಇನ್ನು ನಿಜವಾದ ಕೆಲಸ. ಫೋನಿನ ಭಾಷೆ ಕನ್ನಡ, ಅಕ್ಷರದ ಗಾತ್ರ ಅತಿ ದೊಡ್ಡದು ಮಾಡಿ, ಒಂದು ಬಟನ್ ಮೇಲೆ ‘ಸ್ತ್ರೀ’ ಎಂದು ಹಾಕಿ ನೋಡಿ. ಇಂಗ್ಲಿಷ್ ಅಳತೆಗೆ ಹೊಲಿದ ಬಟನ್ ಆದರೆ ಕೆಳಗಿನ ಒತ್ತಕ್ಷರಗಳು ಕತ್ತರಿಸಿಹೋಗುತ್ತವೆ. ಎತ್ತರವನ್ನು ಬಿಗಿಯಾಗಿ ನಿಗದಿ ಮಾಡಬೇಡಿ, ಅಕ್ಷರಕ್ಕೆ ತಕ್ಕಂತೆ ಬೆಳೆಯಲು ಬಿಡಿ. ಕೊನೆಗೆ ಎಮ್ಯುಲೇಟರಿನ ಎಕ್ಸ್‌ಟೆಂಡೆಡ್ ಕಂಟ್ರೋಲ್ಸ್‌ನಲ್ಲಿ ನೆಟ್‌ವರ್ಕನ್ನು ನಿಧಾನದ ಹಳೇ ಎಡ್ಜ್‌ಗೆ ಇಳಿಸಿ, ಒಮ್ಮೆ ಪೂರ್ತಿ ಆಫ್ ಮಾಡಿ. ಥಾಣೆ ಬಳಿಯ ಪಾರ್ಸಿಕ್ ರೈಲು ಸುರಂಗದೊಳಗೂ ಪಾಠ ನಿಲ್ಲಬಾರದು.