ಎಚ್‌ಬಿಎಕ್ಸ್ ಪ್ರೋಟೀನು ಟಿಜಿಎಫ್-ಬೀಟಾ1 ಜೀನನ್ನು ಎಷ್ಟು ಏರಿಸುತ್ತದೆ: ಲ್ಯಾಬಿನಲ್ಲಿ ಅಳೆಯುವ ಕ್ರಮ

ಹೆಪಟೈಟಿಸ್ ಬಿ ವೈರಸ್ಸಿನ ಎಚ್‌ಬಿಎಕ್ಸ್ 154 ಅಮೈನೋ ಆಮ್ಲಗಳ ಪುಟ್ಟ ಪ್ರೋಟೀನು. ಅದು ಡಿಎನ್‌ಎಯನ್ನು ನೇರವಾಗಿ ಹಿಡಿಯುವುದಿಲ್ಲ. ಜೀನ್‌ಗಳನ್ನು ಚಾಲೂ ಮಾಡುವ ಕೋಶದ ಪ್ರೋಟೀನುಗಳಾದ ಇಜಿಆರ್-1, ಎಸ್‌ಪಿ1 ಮುಂತಾದವುಗಳ ಮೂಲಕ ಟಿಜಿಎಫ್-ಬೀಟಾ1, ಐಜಿಎಫ್-2 ಎಂಬ ಬೆಳವಣಿಗೆ ಸಂಕೇತಗಳ ಜೀನ್‌ಗಳ ಚಟುವಟಿಕೆಯನ್ನು ಏರಿಸುತ್ತದೆ. ಟಿಜಿಎಫ್-ಬೀಟಾ1 ಹೆಚ್ಚಾದಷ್ಟೂ ಲಿವರಿನ ಸ್ಟೆಲೇಟ್ ಎಂಬ ಕೋಶಗಳು ಕೊಲಾಜೆನ್ ತಯಾರಿಸಿ ಲಿವರ್ ಗಟ್ಟಿಯಾಗುತ್ತದೆ.

ಈ ಏರಿಕೆಯನ್ನು ಅಳೆಯಲು ಜೀವಂತ ವೈರಸ್ ಬೇಡ, ಎಚ್‌ಬಿಎಕ್ಸ್ ಜೀನ್ ಹೊತ್ತ ಪ್ಲಾಸ್ಮಿಡ್ (ಡಿಎನ್‌ಎಯ ಪುಟ್ಟ ಉಂಗುರ) ಸಾಕು. ಸಂಸ್ಥೆಯ ಬಯೋಸೇಫ್ಟಿ ಸಮಿತಿಯ ಒಪ್ಪಿಗೆ ಮಾತ್ರ ಮೊದಲೇ ಕೈಯಲ್ಲಿರಲಿ. ಹೆಪ್‌ಜಿ2 ಎಂಬ ಮಾನವ ಲಿವರ್ ಕ್ಯಾನ್ಸರ್ ಕೋಶಗಳನ್ನು ಬೆಂಗಳೂರಿನ ಲ್ಯಾಬುಗಳು ಪುಣೆಯ ಕೋಶವಿಜ್ಞಾನ ಸಂಸ್ಥೆ ಎನ್‌ಸಿಸಿಎಸ್‌ನಿಂದ ತರಿಸಬಹುದು. ಇವು ಗುಂಪುಗಟ್ಟುವ ಜಾತಿ. ಕೋಶಗಳನ್ನು ಬಿಡಿಸುವ ಟ್ರಿಪ್ಸಿನ್ ಕಿಣ್ವ ಹಾಕಿದ ಮೇಲೆ ಪಿಪೆಟ್ಟಿನಿಂದ ಚೆನ್ನಾಗಿ ಬಿಡಿಸದಿದ್ದರೆ ಗುಂಪಿನ ಒಳಗಿನ ಕೋಶಗಳಿಗೆ ಪ್ಲಾಸ್ಮಿಡ್ ತಲುಪುವುದೇ ಇಲ್ಲ.

ಆರು ಗುಳಿಯ ಪ್ಲೇಟಿನಲ್ಲಿ ಗುಳಿಗೆ ಸುಮಾರು 5 ಲಕ್ಷ ಕೋಶ ಹಾಕಿ. ಮರುದಿನ ಮೂರು ಗುಳಿಗೆ ತಲಾ 2.5 ಮೈಕ್ರೋಗ್ರಾಂ ಎಚ್‌ಬಿಎಕ್ಸ್ ಪ್ಲಾಸ್ಮಿಡ್, ಉಳಿದ ಮೂರಕ್ಕೆ ಅಷ್ಟೇ ಖಾಲಿ ವೆಕ್ಟರ್, ಅಂದರೆ ಎಚ್‌ಬಿಎಕ್ಸ್ ಇಲ್ಲದ ಅದೇ ಪ್ಲಾಸ್ಮಿಡ್. ಕೊನೆಯ 24 ಗಂಟೆ ಸೀರಮ್ಮನ್ನು 0.5 ಶೇಕಡಾಕ್ಕೆ ಇಳಿಸಿ. ಸೀರಮ್ಮಿನಲ್ಲೇ ಟಿಜಿಎಫ್-ಬೀಟಾ ಇರುತ್ತದೆ, ಅದು ಕೋಶದ ಇದೇ ಜೀನನ್ನು ಎಬ್ಬಿಸಿ ವ್ಯತ್ಯಾಸವನ್ನು ಮುಚ್ಚಿಹಾಕುತ್ತದೆ. ಪ್ಲಾಸ್ಮಿಡ್ ಹಾಕಿ 48 ಗಂಟೆಗೆ ಆರ್‌ಎನ್‌ಎ ತೆಗೆಯಿರಿ. ಅದನ್ನು ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಕಿಣ್ವದಿಂದ ಡಿಎನ್‌ಎಯಾಗಿ ನಕಲಿಸಿ ಕ್ಯೂಪಿಸಿಆರ್‌ನಲ್ಲಿ (ಪ್ರಮಾಣ ತೋರಿಸುವ ಪಿಸಿಆರ್) ಅಳೆಯಬೇಕು.

ಹೆಚ್ಚಿನ ಪ್ರಯೋಗ ಕೆಡುವುದು ಇಲ್ಲಿಂದ ಮುಂದೆ. ಕೋಶದೊಳಗೆ ಸುರಿದ ಪ್ಲಾಸ್ಮಿಡ್ ಡಿಎನ್‌ಎಯೂ ಆರ್‌ಎನ್‌ಎ ಜೊತೆಗೇ ಬರುತ್ತದೆ. ಕೋಶದಲ್ಲಿ ಎಚ್‌ಬಿಎಕ್ಸ್ ತಯಾರಾಗಿದೆಯೇ ಎಂದು ನೋಡುವಾಗ, ಅದರ ಜೀನಿನಲ್ಲಿ ಇಂಟ್ರಾನ್ (ಆರ್‌ಎನ್‌ಎಯಿಂದ ಕತ್ತರಿಸಿ ಹೋಗುವ ತುಂಡು) ಇಲ್ಲದ್ದರಿಂದ ಪಿಸಿಆರ್‌ನ ಪ್ರೈಮರ್‌ಗಳಿಗೆ ಎರಡರ ಭೇದ ತಿಳಿಯದು. ಡಿಎನ್‌ಎ ಕಡಿಯುವ ಕಿಣ್ವ ಡಿಎನ್‌ಏಸ್ ಕಡ್ಡಾಯ. ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಹಾಕದ ಒಂದು ಟ್ಯೂಬ್ ಪ್ರತಿ ಸ್ಯಾಂಪಲ್ಲಿಗೂ ಇಡಿ. ಅದರಲ್ಲೂ ಸಿಟಿ (ಸಂಕೇತ ಕಾಣಿಸಿಕೊಂಡ ಪಿಸಿಆರ್ ಸುತ್ತಿನ ಸಂಖ್ಯೆ) ಬೇಗ ಬಂದರೆ ಡಿಎನ್‌ಏಸ್ ಮತ್ತೊಮ್ಮೆ ಮಾಡಬೇಕು.

ಹೋಲಿಕೆಗೆ, ಅಂದರೆ ಬದಲಾಗದ ಅಳತೆಗೋಲಾಗಿ, ಜಿಎಪಿಡಿಎಚ್ ಜೀನನ್ನು ಬಳಸಬೇಡಿ. ಎಚ್‌ಬಿಎಕ್ಸ್ ಕೋಶದ ಎಚ್‌ಐಎಫ್-1 ಆಲ್ಫಾ ಪ್ರೋಟೀನನ್ನು ಕರಗದಂತೆ ಉಳಿಸುತ್ತದೆ, ಅದು ಜಿಎಪಿಡಿಎಚ್ ಅನ್ನೂ ಏರಿಸಬಲ್ಲದು. ಆರ್‌ಪಿಎಲ್‌ಪಿ0, ಟಿಬಿಪಿ ಎಂಬ ಎರಡು ಜೀನ್‌ಗಳನ್ನೂ ಇಟ್ಟುಕೊಳ್ಳಿ. ಅವು ಕದಲಿಲ್ಲವೆಂದು ಮೊದಲು ನೋಡಿ. ನಡುವೆ ಕರೆಂಟ್ ಹೋಗಬಹುದು, ಕ್ಯೂಪಿಸಿಆರ್ ಯಂತ್ರ ಯುಪಿಎಸ್ ಮೇಲಿರಲಿ.

ಲೆಕ್ಕ ಹೀಗೆ: ಟಿಜಿಎಫ್-ಬೀಟಾ1ರ ಸಿಟಿಯಿಂದ ಹೋಲಿಕೆ ಜೀನಿನ ಸಿಟಿ ಕಳೆದರೆ ಡೆಲ್ಟಾ ಸಿಟಿ, ಅದು ಕಡಿಮೆಯಾದಷ್ಟೂ ಆರ್‌ಎನ್‌ಎ ಹೆಚ್ಚು. ಉದಾಹರಣೆಗೆ ಎಚ್‌ಬಿಎಕ್ಸ್ ಗುಳಿಯಲ್ಲಿ ಡೆಲ್ಟಾ ಸಿಟಿ 6, ಖಾಲಿ ವೆಕ್ಟರಿನಲ್ಲಿ 7.2 ಆದರೆ ಅಂತರ 1.2. ಎರಡರ 1.2ನೇ ಘಾತ, ಅಂದರೆ ಸುಮಾರು 2.3 ಪಟ್ಟು ಏರಿಕೆ. ಒಂದೇ ದಿನದ ಮೂರು ಗುಳಿಯನ್ನು ಮೂರು ಪ್ರಯೋಗವೆಂದು ಎಣಿಸುವುದು ತಪ್ಪು. ಬೇರೆ ಬೇರೆ ದಿನ ಮೂರು ಸಲ ಮಾಡಿ.

ಪ್ರೋಟೀನನ್ನೂ ಎಲೈಸಾದಲ್ಲಿ (ಆಂಟಿಬಾಡಿಯಿಂದ ಪ್ರೋಟೀನು ಅಳೆಯುವ ಪರೀಕ್ಷೆ) ನೋಡುವುದಾದರೆ, ಟಿಜಿಎಫ್-ಬೀಟಾ1 ಸುಪ್ತ ರೂಪದಲ್ಲಿ ಹೊರಬರುತ್ತದೆಂಬುದು ನೆನಪಿರಲಿ. ಅದನ್ನು ಎಬ್ಬಿಸಲು, ಕೋಶ ಬೆಳೆದ 100 ಮೈಕ್ರೋಲೀಟರ್ ಮೀಡಿಯಂಗೆ (ಪೋಷಕ ದ್ರವ) 20 ಮೈಕ್ರೋಲೀಟರ್ 1 ನಾರ್ಮಲ್ ಹೈಡ್ರೋಕ್ಲೋರಿಕ್ ಆಮ್ಲ ಹಾಕಿ 10 ನಿಮಿಷ ಬಿಟ್ಟು, ಕ್ಷಾರದಿಂದ ತಟಸ್ಥಗೊಳಿಸಿ. ಕೋಶವಿಲ್ಲದ ಮೀಡಿಯಂಗೂ ಇದನ್ನೇ ಮಾಡಿ, ಆ ಅಂಕಿಯನ್ನು ಕಳೆಯಿರಿ.