ಕಲಬುರಗಿ ಬಿಸಿಲಲ್ಲಿ ಮಾಳಿಗೆಯ ಕೈತೋಟ

ನಮ್ಮ ಕಲಬುರಗಿಯಲ್ಲಿ ಮೇ ತಿಂಗಳೆಂದರೆ 42-43 ಡಿಗ್ರಿ ಮಾಮೂಲು. ಮಧ್ಯಾಹ್ನ ಮಾಳಿಗೆ ಮೇಲೆ ಬರಿಗಾಲಲ್ಲಿ ನಿಲ್ಲಲು ಆಗುವುದಿಲ್ಲ. ಅದೇ ಮಾಳಿಗೆಯಲ್ಲಿ ಬೇಸಿಗೆಯಲ್ಲೂ ನಮ್ಮ ಮನೆಗೆ ಸಾಕಾಗುವಷ್ಟು ಪಲ್ಯ ಬೆಳೆದುಕೊಳ್ಳುತ್ತೇನೆ. ನೋಡಿದವರೆಲ್ಲ ಕೇಳುವುದು ಒಂದೇ: ಎಷ್ಟು ನೀರು ಹಾಕ್ತೀರಿ? ನೀರಿನ ಮಾತು ಆಮೇಲೆ. ಮೊದಲು ಬೇರು ತಂಪಾಗಿರಬೇಕು.

ಮಾಳಿಗೆ ಮೇಲಿನ ಕುಂಡಕ್ಕೆ ಮೇಲಿಂದ ಬಿಸಿಲು, ಕೆಳಗಿಂದ ಸ್ಲ್ಯಾಬಿನ ಕಾವು, ಪಕ್ಕದಿಂದ ಗೋಡೆಯ ಕಾವು. ಕಪ್ಪು ಪ್ಲಾಸ್ಟಿಕ್ ಕುಂಡವಾದರೆ ಕೇಳುವುದೇ ಬೇಡ, ಒಳಗಿನ ಮಣ್ಣು ಕೈಗೆ ಬಿಸಿ ತಾಗುತ್ತದೆ. ಅದಕ್ಕೆ ಸಣ್ಣ ಕುಂಡಗಳನ್ನೆಲ್ಲ ಬಿಟ್ಟು, ಡ್ರಮ್ಮನ್ನು ಅರ್ಧ ಕತ್ತರಿಸಿ ದೊಡ್ಡ ತೊಟ್ಟಿ ಮಾಡಿಕೊಂಡಿದ್ದೇನೆ. ಮಣ್ಣು ಜಾಸ್ತಿ ಇದ್ದಷ್ಟೂ ನಿಧಾನಕ್ಕೆ ಕಾಯುತ್ತದೆ. ತೊಟ್ಟಿಯ ಹೊರಮೈಗೆ ಸುಣ್ಣ ಬಳಿಯುತ್ತೇನೆ, ಅಡಿಗೆ ಇಟ್ಟಿಗೆ ಕೊಟ್ಟು ಎತ್ತರಿಸಿ ಗಾಳಿಯಾಡಲು ಬಿಡುತ್ತೇನೆ. ಮಣ್ಣಿನ ಮೇಲೆ ನಾಲ್ಕು ಬೆರಳು ದಪ್ಪ ತೊಗರಿ ಹೊಟ್ಟು. ತೊಗರಿ ಸೀಮೆಯವರಿಗೆ ಹೊಟ್ಟಿಗೇನು ಬರ? ಸಿಗದ ಊರಿನವರು ಒಣ ಎಲೆ, ಹುಲ್ಲು ಹಾಕಬಹುದು. ಬುಡಕ್ಕೆ ಮಾತ್ರ ತಾಗಿಸಬೇಡಿ, ಕೊಳೆಯುತ್ತದೆ.

ಹಸಿರು ನೆಟ್ 50 ಪರ್ಸೆಂಟ್ ನೆರಳಿನದು ಸಾಕು. 75ರದ್ದು ಕಟ್ಟಿದರೆ ಬೆಂಡೆ, ಬದನೆ ಸುಮ್ನೆ ಉದ್ದುದ್ದ ಬೆಳೆಯುತ್ತವೆ, ಕಾಯಿ ಕಡಿಮೆ. ಹೆಚ್ಚಿನವರು ನೆಟ್ಟನ್ನು ಮೇಲೆ ಮಾತ್ರ ಕಟ್ಟುತ್ತಾರೆ. ಗಿಡ ಸುಡುವುದು ಮೂರು ಗಂಟೆಯ ನಂತರದ ಪಡುವಣ ಬಿಸಿಲಿಗೆ, ಅದು ಓರೆಯಾಗಿ ನುಗ್ಗುತ್ತದೆ. ಹಾಗಾಗಿ ಪಡುವಣ ಬದಿಗೂ ಪರದೆಯಂತೆ ಇಳಿಬಿಟ್ಟಿದ್ದೇನೆ.

ಇನ್ನು ನೀರು. ಪ್ರತಿ ತೊಟ್ಟಿಯ ನಡುವೆ ಒಂದು ಸಣ್ಣ ಮಣ್ಣಿನ ಗಡಿಗೆ ಕುತ್ತಿಗೆವರೆಗೆ ಹೂತಿದ್ದೇನೆ. ಬಣ್ಣ ಹಚ್ಚಿದ್ದು ಬೇಡ, ನೀರು ಜಿನುಗುವ ಬರಿ ಮಣ್ಣಿನದೇ ಆಗಬೇಕು. ಅದಕ್ಕೆ ನೀರು ತುಂಬಿ ಹಂಚಿನ ತುಂಡು ಮುಚ್ಚಿದರೆ ಸೊಳ್ಳೆಯ ಕಾಟವೂ ಇಲ್ಲ. ಮಳೆಗಾಲಕ್ಕೆ ಗಡಿಗೆ ಕಿತ್ತು ನೋಡಿ: ಹೊರಮೈ ತುಂಬ ಬಿಳಿ ಬೇರು ಬಲೆಯಾಗಿ ಅಂಟಿಕೊಂಡಿರುತ್ತದೆ. ನೀರು ಎಲ್ಲಿದೆ ಅಂತ ಬೇರಿಗೆ ನಾವು ಹೇಳಿಕೊಡಬೇಕಾಗಿಲ್ಲ.

ಮೇಲಿಂದ ಹಾಕುವ ನೀರು ಬೆಳಗ್ಗೆ ಏಳರೊಳಗೆ ಮುಗಿಯಬೇಕು. ತಡವಾದರೆ ಬಿಸಿಲಲ್ಲಿ ಬಿದ್ದಿರುವ ಪೈಪಿನ ಮೊದಲ ನೀರು ಕುದಿಯುವಷ್ಟಿರುತ್ತದೆ, ಅದನ್ನು ಬಕೆಟ್ಟಿಗೆ ಬಿಡಿ. ಮಧ್ಯಾಹ್ನ ಎಲೆ ಜೋತುಬಿದ್ದರೆ ಗಾಬರಿಯಾಗಬೇಡಿ. ಬೆರಳನ್ನು ಎರಡು ಇಂಚು ಮಣ್ಣಿಗೆ ಇಳಿಸಿ ನೋಡಿ. ಹಸಿ ಇದ್ದರೆ ಸಂಜೆಗೆ ಗಿಡ ತಾನೇ ಎದ್ದು ನಿಲ್ಲುತ್ತದೆ. ಬೆಳಗ್ಗೆಯೂ ಬಾಡಿದ್ದರೆ ಮಾತ್ರ ಏನೋ ಸರಿ ಇಲ್ಲ ಅಂತ ಅರ್ಥ. ನಮ್ಮ ಬೋರಿನ ನೀರಿನಲ್ಲಿ ಉಪ್ಪು ಜಾಸ್ತಿ. ಮಣ್ಣಿನ ಮೇಲೆ ಬಿಳಿ ಪೊರೆ ಕಂಡರೆ ಒಮ್ಮೆ ಅಡಿಯಿಂದ ಹರಿದುಹೋಗುವಷ್ಟು ನೀರು ಹಾಕಿ ತೊಳೆಯುತ್ತೇನೆ.

ಏನು ಬೆಳೆಯುವುದು? ಟೊಮೆಟೊ ಹಟ ಬಿಡಿ. ಹಗಲು 35 ಡಿಗ್ರಿ ದಾಟಿದರೆ ಅದರ ಪರಾಗ ಕೆಡುತ್ತದೆ, ಹೂ ಉದುರುತ್ತದೆ. ಗೊಬ್ಬರ ಸುರಿದರೂ ಅಷ್ಟೇ. ಕೊತ್ತಂಬರಿ ಎಲೆ ಬಿಡುವ ಮೊದಲೇ ಹೂವಿಗೆ ಹೋಗುತ್ತದೆ, ಸಂತೆಯಿಂದ ತರುವುದೇ ವಾಸಿ. ಪುಂಡಿಪಲ್ಯ (ಗೊಂಗುರ ಸೊಪ್ಪು), ರಾಜಗಿರಿ, ಬಸಳೆ, ಚವಳಿಕಾಯಿ (ಗೋರಿಕಾಯಿ), ಬೆಂಡೆ ಇವು ಬಿಸಿಲಿನ ಮಕ್ಕಳು. ಶಿವರಾತ್ರಿ ಹೊತ್ತಿಗೆ ಬೀಜ ಹಾಕಿದರೆ ಉರಿ ಬಿಸಿಲು ಬರುವಷ್ಟರಲ್ಲಿ ಬೇರು ಆಳಕ್ಕೆ ಇಳಿದಿರುತ್ತದೆ. ಪುಂಡಿಯ ತುದಿ ಚಿವುಟುತ್ತಾ ಇದ್ದರೆ ಹೊಸ ಕವಲು ಒಡೆಯುತ್ತಲೇ ಇರುತ್ತದೆ. ಹುಳಿ ಹುಳಿ ಪುಂಡಿಪಲ್ಯ, ಬಿಸಿ ಜೋಳದ ರೊಟ್ಟಿ, ಬೇಸಿಗೆಗೆ ಇನ್ನೇನು ಬೇಕು ಅಲ್ವಾ?

ಒಣ ಕಾವಿನಲ್ಲಿ ಬೆಂಡೆ, ಬದನೆಗೆ ಕೆಂಪು ನುಸಿ ಬರುತ್ತದೆ. ಎಲೆ ಮೇಲೆ ಸಣ್ಣ ಹಳದಿ ಚುಕ್ಕೆ ಕಂಡರೆ ಮಗುಚಿ ನೋಡಿ, ಸಣ್ಣ ಜೇಡರ ಬಲೆ, ಓಡಾಡುವ ಕೆಂಪು ಚುಕ್ಕಿ. ದಿನಾ ಬೆಳಗ್ಗೆ ಎಲೆಯ ಅಡಿಗೆ ಜೋರಾಗಿ ನೀರು ಚಿಮುಕಿಸುವುದೇ ನನ್ನ ಮದ್ದು. ಬೇವಿನೆಣ್ಣೆ ಹೊಡೆಯುವುದಾದರೆ ಬಿಸಿಲು ಇಳಿದ ಮೇಲೆಯೇ, ಇಲ್ಲದಿದ್ದರೆ ಎಲೆ ಸುಡುತ್ತದೆ.

ಮಿರಗದ ಮಳೆ, ಅಂದರೆ ಜೂನ್ ಆರಂಭದ ಮೃಗಶಿರಾ ಮಳೆ, ಹಿಡಿದ ಮೇಲೆ ನೆಟ್ ತೆಗೆಯುತ್ತೇನೆ. ಅದೂ ಮೋಡ ಕವಿದ ದಿನ ನೋಡಿ, ಮೊದಲು ಪಡುವಣದ್ದು, ಕೆಲವು ದಿನ ಬಿಟ್ಟು ಮೇಲಿನದು.