ಹೊಸ ಸಮುದ್ರದ ನೀರಿನ ಟ್ಯಾಂಕ್: ನೈಟ್ರೇಟ್ ಏಕಾಏಕಿ 80 ತೋರಿಸಿದರೆ

ಟ್ಯಾಂಕ್ ಇನ್ನೂ ಸೈಕಲ್ ಆಗ್ತಿದೆ (ಅಂದ್ರೆ ಅಮೋನಿಯವನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡೋ ಬ್ಯಾಕ್ಟೀರಿಯಾ ಇನ್ನೂ ಬೆಳೀತಿದೆ), ಮೀನೂ ಬಿಟ್ಟಿಲ್ಲ, ಆದ್ರೂ ನೈಟ್ರೇಟ್ 80 ಪಿಪಿಎಂ ಬಂತಾ? ಗಾಬರಿಯಿಂದ ನೀರು ಬದಲಿಸಬೇಡಿ, ಮೊದಲು ನೈಟ್ರೈಟ್ ನೋಡಿ. ನೀರು ಪರೀಕ್ಷಿಸೋ ಕಿಟ್ ನೈಟ್ರೇಟನ್ನು ನೈಟ್ರೈಟ್ ಮಾಡಿಕೊಂಡೇ ಬಣ್ಣ ತೋರಿಸೋದು. ನೀರಲ್ಲಿ ಮೊದಲೇ ನೈಟ್ರೈಟ್ ಇದ್ರೆ ಅಂಕಿ ಹಲವು ಪಟ್ಟು ಉಬ್ಬುತ್ತೆ. ನೈಟ್ರೈಟ್ ಸೊನ್ನೆಗೆ ಇಳಿಯೋವರೆಗೂ ಆ ನೈಟ್ರೇಟ್ ರೀಡಿಂಗ್ ಲೆಕ್ಕಕ್ಕಿಲ್ಲ. (ಉಪ್ಪುನೀರಲ್ಲಿ ಕ್ಲೋರೈಡ್ ಧಾರಾಳ ಇದ್ದು, ನೈಟ್ರೈಟ್ ಮೀನಿನ ಮೈ ಸೇರೋದನ್ನು ತಡೆಯೋದ್ರಿಂದ, ಸಿಹಿನೀರಿನಷ್ಟು ನೈಟ್ರೈಟ್ ಭಯ ಇಲ್ಲಿ ಬೇಡ.)

ಇದರ ಉಲ್ಟಾ, ಅಂದ್ರೆ ನೈಟ್ರೇಟ್ ಸುಳ್ಳೇ ಸೊನ್ನೆ ಬರೋದೂ ಉಂಟು. ಎಪಿಐ ಕಂಪನಿಯ ನೈಟ್ರೇಟ್ ಕಿಟ್‌ನ 2ನೇ ಬಾಟಲಿಯ ತಳದಲ್ಲಿ ಪುಡಿ ಗಟ್ಟಿಯಾಗಿ ಕೂತಿರುತ್ತೆ. ಮೇಜಿಗೆ ನಾಲ್ಕು ಸಲ ಕುಟ್ಟಿ, 30 ಸೆಕೆಂಡ್ ಜೋರಾಗಿ ಅಲ್ಲಾಡಿಸಿ, ಆಮೇಲೆ ಟ್ಯೂಬಿಗೆ ಅದರ 10 ಹನಿ. ಟ್ಯೂಬನ್ನು ಪೂರ್ತಿ 1 ನಿಮಿಷ ಅಲ್ಲಾಡಿಸಿ, 5 ನಿಮಿಷ ಬಿಟ್ಟು ಹಗಲು ಬೆಳಕಲ್ಲಿ ಕಾರ್ಡಿಗೆ ಹೋಲಿಸಿ. ಟ್ಯಾಂಕಿನ ನೀಲಿ ಲೈಟಲ್ಲಿ ಯಾವ ಬಣ್ಣವೂ ಸರಿ ಕಾಣಲ್ಲ.

ಉಪ್ಪಿನ ಅಂಶ ವಿಪರೀತ ಜಾಸ್ತಿ ಬಂದ್ರೆ ಹೈಡ್ರೋಮೀಟರ್ (ಉಪ್ಪು ಅಳೆಯೋ ಸಾಧನ) ಮುಳ್ಳಿಗೆ ಗುಳ್ಳೆ ಅಂಟಿದೆಯಾ ನೋಡಿ, ತಟ್ಟಿ ಬಿಡಿಸಿ. ರಿಫ್ರಾಕ್ಟೋಮೀಟರ್ (ಬೆಳಕು ಬಾಗೋದರಿಂದ ಉಪ್ಪು ಅಳೆಯೋದು) ಇದ್ರೆ 35 ಪಿಪಿಟಿ (ಸಾವಿರಕ್ಕೆ 35 ಭಾಗ ಉಪ್ಪು) ದ್ರಾವಣದಲ್ಲೇ ಸೆಟ್ ಮಾಡಿ. ಯಾವ ಕಿಟ್ ಮೇಲಾದ್ರೂ ಅನುಮಾನ ಬಂದ್ರೆ, ಶುದ್ಧ ಆರ್‌ಒಡಿಐ (ಲವಣಗಳನ್ನೆಲ್ಲ ಫಿಲ್ಟರ್ ಮಾಡಿ ತೆಗೆದ) ನೀರಿಗೆ ಅದೇ ಟೆಸ್ಟ್ ಮಾಡಿ. ಉದಾಹರಣೆಗೆ, ಅಲ್ಲೂ ಅಮೋನಿಯ ತೋರಿಸಿದ್ರೆ ಆ ಕಿಟ್‌ನ ಎಕ್ಸ್‌ಪೈರಿ ಡೇಟ್ ನೋಡೋದು ಒಳ್ಳೇದು.